ಹೊಸಿಲ ಹಿಂದಿನ ಕಾಲು

"ಬುದ್ಧಿ, ಕೊನೆಗೆ ಗೆದ್ದವನು ಹೇಳಿದ್ದೇ ಸರಿ ತಾನೆ?" ಎಂದು ಮುದ್ದುಮಾದ ಕೇಳಿದ. ಅವನು ಮಠಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ.

ಏನು ವಿಷಯ ಎನ್ನುವಂತೆ ಗುರುಗಳು ನೋಡಿದರು.

ಶಿಷ್ಯ ಎದೆ ಸೆಟೆಸಿ ಹೇಳಿದ: "ಇಲ್ಲಿಗೆ ಬರೋ ಮುಂಚೆ ನಾನು ಇಸ್ಪೀಟು ಆಡ್ತಿದ್ದೆ. ನನ್ನ ಮುಂದೆ ಕೂತು ಗೆದ್ದು ಎದ್ದವನು ನಮ್ಮ ಸೀಮೆಯಲ್ಲೇ ಇಲ್ಲ. ಬೇರೆಯವರು ಕೈಯಲ್ಲಿರೋ ಎಲೆ ನೋಡಿ ಲೆಕ್ಕ ಹಾಕೋರು, ಇದು ಗೆಲ್ಲುತ್ತೆ, ಇದು ಗೆಲ್ಲಲ್ಲ ಅಂತ. ನಾನು ಅದನ್ನೆಲ್ಲ ನೋಡೋನೇ ಅಲ್ಲ. ಬಲಗಣ್ಣು ಅದುರಿತೋ, ಕಟ್ಟಿಬಿಡ್ತಿದ್ದೆ. ಗೆಲ್ತಿದ್ದೆ. ಲೆಕ್ಕದವರು ಮುಖ ಸಣ್ಣ ಮಾಡ್ಕೊಂಡು ಮನೆಗೆ ಹೋಗೋರು. ಹಂಗಾದ್ರೆ ಲೆಕ್ಕ ಯಾತಕ್ಕೆ ಬೇಕು?"

ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಮನೆಯ ಜಗಲಿಯ ಮೇಲೆ ಎಲೆ ಆಡುವುದು ಅವನ ಅಭ್ಯಾಸ. ಆಟ ಸುಲಭದ್ದು. ಒಬ್ಬೊಬ್ಬನಿಗೆ ಮೂರು ಎಲೆ. ಯಾರ ಎಲೆ ದೊಡ್ಡದೋ ಅವನು ಗೆದ್ದ. ಜೋಡಿಯೋ ಒಂದೇ ಬಣ್ಣವೋ ಕೂಡಿಬಂದರೆ ಬಿಡಿ ಎಲೆಗಿಂತ ದೊಡ್ಡದು. ಎಲೆ ಚೆನ್ನಾಗಿಲ್ಲ ಅನ್ನಿಸಿದರೆ ಕೆಳಗಿಟ್ಟು ಸುಮ್ಮನಾಗಬಹುದು. ಆಗ ಅಲ್ಲಿಯವರೆಗೆ ಇಟ್ಟದ್ದು ಮಾತ್ರ ಹೋಗುತ್ತದೆ.

ವ್ಯಾಪಾರಿ ಮಗನಿಗೆ ಮದುವೆ ಮಾಡಿದ. ಸೊಸೆ ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬಂದಳು. ಅಂದು ಮಧ್ಯಾಹ್ನ ಅವನು ಆಡಿದ ಆಟವನ್ನೆಲ್ಲ ಗೆದ್ದ. "ಸೊಸೆ ಕಾಲ್ಗುಣ ಕಣಯ್ಯ" ಎಂದು ಜೊತೆಯವರು ನಕ್ಕರು. ಅವರು ಅಂದದ್ದು ತಮಾಷೆಗೆ. ಅವನು ತಮಾಷೆ ಅಂದುಕೊಳ್ಳಲಿಲ್ಲ.

ಮರುದಿನದಿಂದ ಆಟದ ಹೊತ್ತಿಗೆ ಸೊಸೆ ಬಾಗಿಲಲ್ಲಿ, ಹೊಸಿಲ ಹಿಂದೆ, ನಿಲ್ಲಬೇಕಾಯಿತು. ಮಾವ ಅವಳಿಗೆ ಬೆನ್ನು ಮಾಡಿ ಕೂತು ಆಡುತ್ತಿದ್ದ.

ಒಂದು ದಿನ ಸೋತ. ತಿರುಗಿ ನೋಡಿದರೆ ಅವಳ ಎಡಗಾಲು ಮುಂದಿತ್ತು. ಇನ್ನು ಮೇಲೆ ಬಲಗಾಲೇ ಮುಂದಿರಬೇಕು ಎಂದ. ಬಲಗಾಲು ಮುಂದಿದ್ದ ದಿನವೂ ಸೋತ. ಅವಳು ಕೆಮ್ಮಿದ್ದಳು. ಕೆಮ್ಮಬಾರದು ಎಂದ. ಕೆಮ್ಮದ ದಿನವೂ ಸೋತ. ಸೆರಗು ಸರಿಮಾಡಿಕೊಂಡಿದ್ದಳು. ಕೈ ಆಡಬಾರದು ಎಂದ. ಹೀಗೆ ಸೋತಾಗಲೆಲ್ಲ ಒಂದು ಕಟ್ಟಳೆ ಹುಟ್ಟಿತು. ಗೆದ್ದ ದಿನ ಅವಳು ಹೇಗೆ ನಿಂತಿದ್ದಳು ಎಂದು ಅವನು ನೋಡಲಿಲ್ಲ. ಗೆದ್ದರೆ ಅವಳು ಮಹಾತಾಯಿ. ಸೋತರೆ ಮೂದೇವಿ. ಮೂದೇವಿ ಅನ್ನಿಸಿಕೊಂಡ ದಿನ ಅವಳಿಗೆ ಊಟವಿಲ್ಲ.

ಅವಳು ಗಂಡನಿಗೆ ಹೇಳಿಕೊಂಡಳು. "ಅಪ್ಪ ಹೇಳ್ದಂಗೆ ನಿಂತ್ಕೊಂಡುಬಿಡೇ. ಮಧ್ಯಕ್ಕೆ ನನ್ನನ್ನ ಎಳೀಬೇಡ" ಎಂದು ಅವನು ಎದ್ದುಹೋದ.

ನಿಂತು ನಿಂತು ಅವಳಿಗೆ ಹೆದರಿಕೆಯೇ ಮೈಯಾಯಿತು. ಎಲೆ ಹಂಚುವ ಸದ್ದು ಕೇಳಿದರೆ ರೆಪ್ಪೆ ಬಡಿಯಲೂ ಅಂಜುತ್ತಿದ್ದಳು. ಬಡಿದದ್ದು ಕಂಡರೆ ಅದಕ್ಕೂ ಒಂದು ಕಟ್ಟಳೆ ಬಂದೀತು ಎಂದು ಹಲ್ಲು ಕಚ್ಚಿ ನಿಲ್ಲುತ್ತಿದ್ದಳು. ಮಾವನ ಹೆಗಲ ಮೇಲಿಂದ ಅವನ ಎಲೆ ಕಾಣುತ್ತಿತ್ತು. ಎಂಥ ಎಲೆ ಬಂದಾಗ ಹೆಚ್ಚು ಸಲ ಗೆಲುವು, ಎಂಥ ಎಲೆ ಬಂದಾಗ ಹೆಚ್ಚು ಸಲ ಸೋಲು ಎಂಬುದು ಅವಳಿಗೆ ತಾನಾಗಿ ತಿಳಿಯಿತು. ಅದೇನು ಜಾಣತನವಲ್ಲ. ಇವತ್ತು ಊಟ ಉಂಟೋ ಇಲ್ಲವೋ ಎಂದು ಮೊದಲೇ ತಿಳಿದುಕೊಳ್ಳುವ ಆಸೆ, ಅಷ್ಟೆ.

ಎದುರಿಗೆ ಕೂರುವವರಲ್ಲಿ ಒಬ್ಬ ಎಣ್ಣೆ ವ್ಯಾಪಾರಿ. ಅವನು ಕೆಟ್ಟ ಎಲೆ ಬಂದರೆ ಹೆಚ್ಚಾಗಿ ಕೆಳಗಿಟ್ಟುಬಿಡುತ್ತಿದ್ದ. ಅಪರೂಪಕ್ಕೆ ಕೆಟ್ಟ ಎಲೆ ಹಿಡಿದೇ ಎದುರಿನವನನ್ನು ಹೆದರಿಸುತ್ತಿದ್ದ. ಅವನ ಬೆನ್ನ ಹಿಂದೆ ಯಾರೂ ನಿಂತಿರಲಿಲ್ಲ.

ಜವಳಿ ವ್ಯಾಪಾರಿಗೆ ಸೋಲು ಹೆಚ್ಚಿತು. ಒಂದು ದಿನ ಆಟಕ್ಕೆ ಕೂರುವ ಮೊದಲು ಸೊಸೆಗೆ ಹೇಳಿದ: "ಇವತ್ತೂ ಸೋತರೆ ನಿನ್ನನ್ನ ತವರಿಗೆ ಅಟ್ಟೋದೇ. ಕೆಟ್ಟ ಕಾಲ್ಗುಣದವಳು ಅಂತ ಪೇಟೆಗೆಲ್ಲ ಹೇಳೇ ಅಟ್ಟೋದು."

ತವರಿನಲ್ಲಿ ಅವಳಿಗೆ ಮದುವೆಯಾಗದ ತಂಗಿಯರಿದ್ದರು. ಅಕ್ಕ ಆ ಹೆಸರು ಹೊತ್ತು ಬಂದರೆ ಆ ಮನೆಯ ಹೆಣ್ಣು ಕೇಳಿಕೊಂಡು ಯಾರೂ ಬರುವುದಿಲ್ಲ.

ಆಟ ನಡೆಯಿತು. ಉಳಿದವರು ಎಲೆ ಕೆಳಗಿಟ್ಟರು. ಜವಳಿ ವ್ಯಾಪಾರಿ, ಎಣ್ಣೆ ವ್ಯಾಪಾರಿ ಇಬ್ಬರೇ ಉಳಿದರು. ಅವಳು ಮಾವನ ಎಲೆ ನೋಡಿದಳು. ಎರಡು, ಐದು, ಒಂಬತ್ತು. ಜೋಡಿ ಇಲ್ಲ, ಬಣ್ಣ ಕೂಡುವುದಿಲ್ಲ. ಇಂಥ ಎಲೆ ಹತ್ತು ಸಲ ಬಂದರೆ ಒಮ್ಮೆಯೋ ಎರಡು ಸಲವೋ ಗೆದ್ದದ್ದನ್ನು ಅವಳು ಕಂಡಿದ್ದಳು. ಮಾವ ಅಂಗಡಿಯನ್ನೇ ಪಣಕ್ಕಿಡಲು ಸೊಂಟದಿಂದ ಅದರ ಬೀಗದಕೈ ತೆಗೆದ. ತಿರುಗಿ ಅವಳ ಕಾಲು ನೋಡಿದ. ಬಲಗಾಲು ಮುಂದಿತ್ತು. ಕೈ ಆಡಿರಲಿಲ್ಲ. ಅವನ ಮುಖ ಅರಳಿತು.

"ಏನಯ್ಯಾ, ಎಲೆ ನೋಡ್ತೀಯೋ, ಸೊಸೆ ಕಾಲು ನೋಡ್ತೀಯೋ?" ಎಂದ ಎಣ್ಣೆ ವ್ಯಾಪಾರಿ.

"ಎರಡೂ ಒಂದೇ ಕಣೋ. ನಿನ್ನಂಥ ಒಬ್ಬಂಟಿಗೆ ಅದೆಲ್ಲಿ ತಿಳೀಬೇಕು?"

ಅವಳು ಯೋಚಿಸಿದಳು. ಸುಮ್ಮನೆ ನಿಂತರೆ ಇವನು ಬೀಗದಕೈ ಇಡುತ್ತಾನೆ. ಬಹುಪಾಲು ಸೋಲುತ್ತಾನೆ. ಅಂಗಡಿಯೂ ಹೋಗುತ್ತದೆ, ನಾನೂ ಹೋಗುತ್ತೇನೆ. ಅಪಶಕುನ ಕಂಡರೆ ಎಲೆ ಕೆಳಗಿಡುತ್ತಾನೆ. ಬೈದಾನು, ಹೊಡೆದಾನು. ಆದರೆ ಅಂಗಡಿ ಉಳಿದರೆ ಸಿಟ್ಟು ಇಳಿದೀತು, ನಾನೂ ಉಳಿದೇನು.

ಅವಳು ಎಡಗಾಲೆತ್ತಿ ಹೊಸಿಲನ್ನು ತುಳಿದು ನಿಂತಳು.

ಮನೆಯಲ್ಲಿ ಮಕ್ಕಳು ಕೂಡ ತುಳಿಯದ ಹೊಸಿಲು. ಬೀಗದಕೈ ಇಡುವ ಮೊದಲು ಇನ್ನೊಮ್ಮೆ ತಿರುಗಿ ನೋಡಿದ ಮಾವನ ಮುಖ ಬಿಳಿಚಿತು. ಎಲೆಗಳನ್ನು ಅಂಗಾತ ಎಸೆದು ಬೀಗದಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದ.

ಎಣ್ಣೆ ವ್ಯಾಪಾರಿ ಆ ಎಲೆ ನೋಡಿದ. ನಗು ತಡೆಯಲಾರದೆ ತನ್ನದನ್ನೂ ತಿರುಗಿಸಿಟ್ಟ. ಮೂರು, ನಾಲ್ಕು, ಎಂಟು. "ಹೆದರಿಸಿ ನೋಡೋಣ ಅಂತ ಕೂತಿದ್ದೆ ಕಣೋ. ನಿಂದೇ ದೊಡ್ಡದು!"

ಮಾವ ಎದ್ದ. "ಮಾವ, ಅಂಗಡಿ ಉಳೀತಲ್ಲ ಮಾವ" ಎಂದಳು ಅವಳು. ಅವನಿಗೆ ಅದು ಕೇಳಿಸಲಿಲ್ಲ. ಜಗಲಿಯಲ್ಲಿದ್ದವರ ಎದುರಿಗೇ, ಬೀದಿಗೆಲ್ಲ ಕೇಳುವಂತೆ, ಅವಳಿಗೆ ಕೆಟ್ಟ ಕಾಲ್ಗುಣದವಳು ಎಂಬ ಹೆಸರಿಟ್ಟ. ಮಗನನ್ನು ಕರೆದು ಗಾಡಿ ಕಟ್ಟಿಸಿದ. ಗಂಡ ಗಾಡಿ ಹೊಡೆದ. ದಾರಿಯುದ್ದಕ್ಕೂ ಅವನು ಹಿಂತಿರುಗಿ ನೋಡಲಿಲ್ಲ.

ಗಾಡಿ ಬೀದಿ ದಾಟುವ ಮೊದಲೇ ವ್ಯಾಪಾರಿ ಮತ್ತೆ ಎಲೆ ಹಾಕಿಸಿದ. "ಪೀಡೆ ತೊಲಗಿತು, ಇನ್ನು ನೋಡ್ರಯ್ಯ" ಎಂದ. ಬಂದ ಎಲೆಯನ್ನು ಎತ್ತಿಯೂ ನೋಡದೆ ಬೀಗದಕೈ ಇಟ್ಟ. ಎಣ್ಣೆ ವ್ಯಾಪಾರಿಯ ಕೈಯಲ್ಲಿ ರಾಜನ ಜೋಡಿ ಇತ್ತು. ಎದುರಿನವನು ಎಲೆಯನ್ನೇ ನೋಡಿಲ್ಲ. ನೂರರಲ್ಲಿ ತೊಂಬತ್ತು ಪಾಲು ಗೆಲುವು ತನ್ನದೇ. ಅವನು ತನ್ನ ಗಾಣವನ್ನೇ ಪಣಕ್ಕೆ ಕಟ್ಟಿದ.

ಜವಳಿ ವ್ಯಾಪಾರಿ ಎಲೆ ತಿರುಗಿಸಿದ. ಎಕ್ಕ. ಇನ್ನೊಂದು ಎಕ್ಕ. ಮೂರನೆಯದೂ ಎಕ್ಕ. ಅದಕ್ಕಿಂತ ದೊಡ್ಡ ಎಲೆ ಆಟದಲ್ಲೇ ಇಲ್ಲ. ಆಡುತ್ತಲೇ ಮುದುಕರಾದವರು ಕೂಡ ತಮ್ಮ ಕೈಗೆ ಒಮ್ಮೆಯೂ ಬಂದದ್ದನ್ನು ಕಾಣದ ಎಲೆ.

ಅವನು ಗೆದ್ದ. ಸೋಲು ಗೆಲುವೆಲ್ಲ ಹೆಣ್ಣಿನ ಕಾಲ್ಗುಣದಲ್ಲಿದೆ ಎಂಬ ಮಾತಿನ ಜೊತೆಗೆ ಸಂಜೆಯೊಳಗೆ ಆ ಗೆಲುವಿನ ಸುದ್ದಿ ಪೇಟೆಯ ಎಲ್ಲ ಜಗಲಿಗಳಿಗೂ ಹೋಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮುದ್ದುಮಾದ ಕೂತಲ್ಲಿಂದ ಅರ್ಧ ಎದ್ದ. "ನೋಡಿದ್ರಾ ಬುದ್ಧಿ! ಲೆಕ್ಕ ಹಾಕಿದ ಇಬ್ಬರೂ ಕೆಟ್ಟರು. ಕಾಲ್ಗುಣ ನಂಬಿದವನು ಗೆದ್ದ. ನಾನು ಹೇಳಿದ್ದೂ ಅದನ್ನೇ ಅಲ್ವಾ?"

ಗುರುಗಳು ಹೇಳಿದರು: "ಸೋತಿದ್ದರೆ ಅವನ ಅಂಗಡಿಯೊಂದು ಹೋಗುತ್ತಿತ್ತು, ಗೆದ್ದನಲ್ಲ, ಈಗ ಆ ಪೇಟೆಯ ಒಂದೊಂದು ಮನೆಯಲ್ಲೂ ಹೊಸಿಲ ಹಿಂದೆ ಒಬ್ಬೊಬ್ಬಳು ಉಸಿರು ಬಿಗಿಹಿಡಿದು ನಿಂತಿದ್ದಾಳೆ."