ಬಾಳವ್ವನ ಮುಚ್ಚಿದ ಮುಷ್ಟಿ

ಬಹಳ ಹಿಂದೆ, ಕೆಂದೂಳಿ ಎಂಬ ಒಂದು ಊರಿನಲ್ಲಿ, ಬಾಳವ್ವ ಎಂಬ ಒಬ್ಬ ಮುದುಕಿ ಇದ್ದಳಂತೆ. ಎಷ್ಟು ಹಿಂದೆ ಎಂದು ಕೇಳಬೇಡಿ. ಕೇಳಿದರೆ ಒಬ್ಬರು ಅಜ್ಜನ ಕಾಲ ಅಂತಾರೆ, ಇನ್ನೊಬ್ಬರು ಅಜ್ಜನ ಅಜ್ಜನ ಕಾಲ ಅಂತಾರೆ. ಇಬ್ಬರೂ ಕಣ್ಣಾರೆ ಕಂಡವರ ಹಾಗೆಯೇ ಹೇಳುತ್ತಾರೆ.

ಬಾಳವ್ವ ದೃಷ್ಟಿ ತೆಗೆಯುವವಳು. ಅತ್ತು ಅತ್ತು ನೀಲಿಯಾದ ಕೂಸು ಅವಳ ತಟ್ಟೆ ಕಂಡರೆ ನಗುತ್ತಿತ್ತು ಅಂತಾರೆ. ಊರಿನ ಕೆಟ್ಟ ಕಣ್ಣನ್ನೆಲ್ಲ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಹೋಗಿ ಹೊಳೆಗೆ ಬಿಡುತ್ತಿದ್ದಳು ಅಂತಾರೆ. ಆ ಮಡುವಿನಲ್ಲಿ ಇವತ್ತಿಗೂ ಮೀನು ಇಲ್ಲ ಅಂತಾರೆ. ಮೀನು ಇದೆ. ಇರಲಿ.

ಅವಳ ಹತ್ತಿರ ಇದ್ದದ್ದು ಒಂದು ಹಿತ್ತಾಳೆ ತಟ್ಟೆ, ಚೂರು ಅರಿಶಿನ, ಒಂದು ನಿಂಬೆಹಣ್ಣು. ತಟ್ಟೆಯ ಅರಿಶಿನ ನೀರನ್ನು ಮಗುವಿನ ಮುಂದೆ ಮೂರು ಸುತ್ತು ನಿವಾಳಿಸುತ್ತಿದ್ದಳು. ಮೂರನೆಯ ಸುತ್ತಿಗೆ ಹಳದಿ ನೀರು ಕೆಂಪಾಗುತ್ತಿತ್ತು. ದೃಷ್ಟಿ ನೀರಿಗಿಳಿಯಿತು ಎಂದು ಜನ ಕೈಮುಗಿಯುತ್ತಿದ್ದರು. ಆಮೇಲೆ ನಿಂಬೆಹಣ್ಣು ಕುಯ್ದು ದಿಕ್ಕಿಗೊಂದು ಹೋಳು ಎಸೆಯುತ್ತಿದ್ದಳು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ ಎಂಬುದು ಆ ಊರಿನ ಪ್ರತಿ ಹೆಂಗಸಿಗೂ ಗೊತ್ತಿತ್ತು. ಬಾಳವ್ವ ಸುಣ್ಣ ಸುಡುವವರ ಮನೆಯ ಮಗಳು ಎಂಬುದೂ ಗೊತ್ತಿತ್ತು. ಅವಳ ಹೆಬ್ಬೆರಳಿನ ಸಂದಿಯನ್ನು ಮಾತ್ರ ಯಾರೂ ನೋಡಲಿಲ್ಲ. ನೋಡಬಾರದು ಎಂದು ಯಾರೂ ಹೇಳಿರಲಿಲ್ಲ. ಆದರೂ ನೋಡಲಿಲ್ಲ.

ನೋಡಿದವಳು ಒಬ್ಬಳೇ. ನೇಕಾರ ಯಮನಪ್ಪನ ಮಗಳು ಫಕೀರವ್ವ. ಆರು ವರ್ಷದ ಪೋರಿ. ಮನೆಯಲ್ಲಿ ಫಕೀರಿ ಎನ್ನುತ್ತಿದ್ದರು. ಮಾತು ಮುಗಿಯುವ ಮೊದಲೇ ಓಡುವವಳು, ಊಟದ ನಡುವೆ ಏಳುವವಳು, ಅಪ್ಪನ ಮಗ್ಗದ ಕುಣಿಗೆ ಜಿಗಿದು ಹಾಸಿನ ಎಳೆ ಹರಿಯುವವಳು. ಅಪ್ಪ ಅವಳನ್ನು ಬಾಗಿಲ ಕಂಬಕ್ಕೆ ಕಟ್ಟುತ್ತಿದ್ದ. ಅವಳು ಕಂಬದ ಸುತ್ತಲೇ ಓಡುತ್ತಿದ್ದಳು.

ತಾಯಿ ಹಂಪವ್ವ ಅವಳನ್ನು ಬಾಳವ್ವನ ಹತ್ತಿರ ಎಳೆದುಕೊಂಡು ಬಂದಳು. "ಇದಕ್ಕ ಏನ್ ಬಡದೈತೋ ಯವ್ವಾ. ಕುಂತಲ್ಲಿ ಕುಂಡ್ರಂಗಿಲ್ಲ, ನಿಂತಲ್ಲಿ ನಿಂದ್ರಂಗಿಲ್ಲ."

ಬಾಳವ್ವ ಹುಡುಗಿಯನ್ನು ನೋಡಿದಳು. "ಏನಬೇ, ನಿನ್ನ ಕಾಲಾಗ ಚಕ್ರ ಐತೇನ?"

"ಇಲ್ಲಾಯಿ, ಮುಳ್ಳೈತಿ. ನೋಡು," ಎಂದು ಹುಡುಗಿ ಕಾಲೆತ್ತಿ ತೋರಿಸಿದಳು. ಮುಳ್ಳು ನಿಜವಾಗಿಯೂ ಇತ್ತು. ಅದನ್ನು ತೆಗೆದು ಬಾಳವ್ವ ತಟ್ಟೆ ಹಿಡಿದಳು. ಎರಡನೆಯ ಸುತ್ತಿಗೆ ಹುಡುಗಿ ಕೂಗಿದಳು: "ಆಯಿ, ನಿನ್ನ ಹೆಬ್ಬಟ್ಟಿನ ಕೆಳಗ ಸುಣ್ಣ ಐತಿ!"

ತಾಯಿ ಬೆನ್ನಿಗೊಂದು ಕೊಟ್ಟಳು. ಬಾಳವ್ವ ನಕ್ಕಳು. ಇದು ದೊಡ್ಡ ದೃಷ್ಟಿ, ಅಮಾವಾಸ್ಯೆಯ ತನಕ ದಿನಾ ಬೆಳಗ್ಗೆ ನನ್ನ ಹತ್ತಿರ ಬಿಡು ಎಂದಳು. ಯಮನಪ್ಪ ಒಪ್ಪಿದ, ಆದರೆ ಒಂದು ಮಾತು ಹೇಳಿದ. "ಅಮಾಸಿ ತನಕ ನೋಡ್ತೀನಿ. ಆಮ್ಯಾಲ ಗುಡ್ಡದ ಗುಡಿ." ಗುಡ್ಡದ ಗುಡಿ ಹೊಳೆಯಾಚೆ ಇತ್ತು. ಅಲ್ಲಿ ದೆವ್ವ ಹಿಡಿದವರನ್ನು ಕಂಬಕ್ಕೆ ಕಟ್ಟಿ, ಇಳಿಯುವ ತನಕ ಬಿಚ್ಚುತ್ತಿರಲಿಲ್ಲ. ಆ ಕಂಬದ ಸುತ್ತ ಓಡುವಷ್ಟು ಹಗ್ಗ ಬಿಡುತ್ತಿರಲಿಲ್ಲ.

ಬಾಳವ್ವ ಅವಳಿಗೆ ಮಹಾವಿದ್ಯೆ ಕಲಿಸಿದಳು ಅಂತಾರೆ. ಏನೂ ಕಲಿಸಲಿಲ್ಲ. ಬಾಯಿ ಮುಚ್ಚಲಿ ಎಂದು ಕೈಗೆ ಕೆಲಸ ಕೊಟ್ಟಳು, ಅಷ್ಟೆ. ನಾಲ್ಕು ಕರಟ, ಅರಿಶಿನ ನೀರು, ಸುಣ್ಣ. ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತಿದ್ದಳು. ಅದು ಮುಗಿಯುವ ತನಕ ಎರಡನೆಯದು ಹೇಳುತ್ತಿರಲಿಲ್ಲ. ಹುಡುಗಿ ನಡುವೆ ಎದ್ದು ಬೇವಿನ ಮರ ಸುತ್ತಿ ಬಂದರೆ ಬರಲಿ ಎಂದು ಬಿಡುತ್ತಿದ್ದಳು. ಚೆಲ್ಲಿದರೆ ಬೈಯುತ್ತಿರಲಿಲ್ಲ. ನೆಲ ಹೇಗೂ ಮಣ್ಣಿನದು.

ಫಕೀರಿ ಸುಣ್ಣ ಹಾಕಿದಳು, ಕೆಂಪಾಯಿತು. ಬೂದಿ ನೀರು ಹಾಕಿದಳು, ಅದಕ್ಕೂ ಕೆಂಪಾಯಿತು. ಉಪ್ಪು ಹಾಕಿದಳು, ಏನೂ ಆಗಲಿಲ್ಲ. "ಉಪ್ಪಿಗೆ ದೃಷ್ಟಿ ಇಲ್ಲಾಯಿ," ಎಂದಳು. ಒಂದು ದಿನ ನಿವಾಳಿಸಲು ಇಟ್ಟಿದ್ದ ನಿಂಬೆಹಣ್ಣಿನ ಹೋಳು ತಂದು ಕೆಂಪು ನೀರಿಗೆ ಹಿಂಡಿದಳು. ನೀರು ಮತ್ತೆ ಹಳದಿಯಾಯಿತು.

ಬಾಳವ್ವ ದಂಗಾದಳು. ನಲವತ್ತು ವರ್ಷ ಅದೇ ತಟ್ಟೆ, ಅದೇ ಹಣ್ಣು. ಹಣ್ಣನ್ನು ಎಸೆದಿದ್ದಳೇ ಹೊರತು ಹಿಂಡಿರಲಿಲ್ಲ. ಹುಡುಗಿ ಸುಣ್ಣ ಹಾಕಿ "ಬಂತು" ಎಂದಳು, ನಿಂಬೆ ಹಿಂಡಿ "ಹೋತು" ಎಂದಳು. ಬಂತು, ಹೋತು. ಬಂತು, ಹೋತು. ಹಾಲು ಉಕ್ಕುವಷ್ಟು ಹೊತ್ತು ಕೂರದವಳು ಬಿಸಿಲು ಹೊಸ್ತಿಲು ದಾಟುವ ತನಕ ಕುಕ್ಕರಗಾಲಿನಲ್ಲಿ ಕೂತಿದ್ದಳು. ಮುದುಕಿಯೂ ಪಕ್ಕದಲ್ಲಿ ಕೂತು ಕರಟ ಚಾಚುತ್ತಿದ್ದಳು. ಆ ಬೆಳಗುಗಳ ಬಗ್ಗೆ ಜನ ಏನೂ ಹೇಳುವುದಿಲ್ಲ. ಹೇಳುವಂಥದ್ದೇನೂ ನಡೆಯಲಿಲ್ಲವಲ್ಲ.

ಅಮಾವಾಸ್ಯೆ ಬಂತು. ಯಮನಪ್ಪನ ಅಂಗಳದಲ್ಲಿ ಹಿರಿಯರು ಸೇರಿದರು. ಬಾಳವ್ವ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಮೂರು ಸುತ್ತು ನಿವಾಳಿಸಿದಳು. ನೀರು ಕುಂಕುಮದಂತೆ ಕೆಂಪಾಯಿತು. ಯಮನಪ್ಪ ಉಸಿರು ಬಿಟ್ಟ. ಹಂಪವ್ವ ಕಣ್ಣೊರೆಸಿಕೊಂಡಳು. ಮಗಳು ಮನೆಯಲ್ಲೇ ಉಳಿಯುತ್ತಾಳೆ ಎಂದುಕೊಂಡರು. ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು.

ಫಕೀರಿಗೆ ತಡೆಯಲಾಗಲಿಲ್ಲ. ಇಷ್ಟು ಜನ ಒಟ್ಟಿಗೆ ಅವಳನ್ನು ನೋಡಿದ್ದು ಅದೇ ಮೊದಲು. ಕುಯ್ದಿಟ್ಟ ನಿಂಬೆ ಹೋಳು ಕಸಿದು ತಟ್ಟೆಗೆ ಹಿಂಡಿದಳು. "ಹೋತು!" ಎಂದು ಚಪ್ಪಾಳೆ ತಟ್ಟಿದಳು.

ನೀರು ಹಳದಿಯಾಯಿತು.

ಯಾರೋ ಮುದುಕಿ ಕಿರುಚಿದಳು: "ನೀರಿಗಿಳಿದದ್ದು ಎಲ್ಲಿಗ್ಹೋತು? ಅಕಿ ಮೈಯಾಗಽ ಹೊಕ್ಕಿತಲ್ರೋ!" ಅವರ ತರ್ಕದಲ್ಲಿ ತಪ್ಪಿರಲಿಲ್ಲ. ನಲವತ್ತು ವರ್ಷ ಬಾಳವ್ವ ಅವರಿಗೆ ಕೊಟ್ಟ ಲೆಕ್ಕವೇ ಅದು.

ಫಕೀರಿ ಬಾಳವ್ವನನ್ನು ನೋಡಿದಳು. "ಆಯಿ, ಸುಣ್ಣ ಹಾಕು. ಮತ್ತ ಬರ್ತೈತಿ. ಹೇಳು ಅವರಿಗೆ."

ಸುಣ್ಣ ಬಾಳವ್ವನ ಮುಷ್ಟಿಯಲ್ಲೇ ಇತ್ತು. ಕೈ ಬಿಚ್ಚಿದರೆ ಸಾಕಿತ್ತು. ಕೈ ಬಿಚ್ಚಿದರೆ ನಲವತ್ತು ವರ್ಷವೂ ಬಿಚ್ಚಿಕೊಳ್ಳುತ್ತಿತ್ತು. ನಾಳೆ ಯಮನಪ್ಪನೊಬ್ಬನಿಗೇ ಹೇಳೋಣ ಎಂದುಕೊಂಡಳು. ಬೆರಳುಗಳನ್ನು ಇನ್ನಷ್ಟು ಬಿಗಿದಳು. ಬೆವರಿಗೆ ಸುಣ್ಣ ಕರಗಿ ಅಂಗೈ ಸುಡುತ್ತಿತ್ತು.

ಮರುದಿನ ಅವಳು ಹೋಗುವಷ್ಟರಲ್ಲಿ ಹುಡುಗಿಯನ್ನು ಹೊತ್ತ ಗಾಡಿ ಗುಡ್ಡದ ಗುಡಿಗೆ ಹೊರಟು ಹೋಗಿತ್ತು.

ಎಂಟು ದಿನದ ಮೇಲೆ ಬಾಳವ್ವ ಹೊಳೆ ದಾಟಿ ಗುಡ್ಡ ಹತ್ತಿದಳು. ಸೆರಗಿನಲ್ಲಿ ಅರಿಶಿನ, ಸುಣ್ಣ, ನಿಂಬೆಹಣ್ಣು, ಎರಡು ಕರಟ. ಫಕೀರಿ ಕಂಬದ ಕೆಳಗೆ ಕೂತಿದ್ದಳು. ಹಗ್ಗ ಬಿಚ್ಚಿದ್ದರು. ಆದರೂ ಕೂತಿದ್ದಳು. ಬಾಳವ್ವ ಕರಟ ಮುಂದಿಟ್ಟಳು. ಎಲ್ಲರ ಕಣ್ಣೆದುರು ಅಂಗೈ ಬಿಚ್ಚಿದಳು. ಇದೋ ಸುಣ್ಣ, ಇದೇ ಎಲ್ಲ, ಬೇರೇನೂ ಇಲ್ಲ ಎಂದು ಯಮನಪ್ಪನಿಗೂ ಪೂಜಾರಿಗೂ ಹೇಳಿದಳು. ಪೂಜಾರಿ ನಕ್ಕ. ಯಮನಪ್ಪ ಅವಳ ಕಾಲಿಗೆ ಬಿದ್ದ. "ತಡಾ ಆದ್ರೂ ನಿನ್ನ ತಟ್ಟಿನಽ ಗೆದ್ದಿತಾಯಿ. ನೋಡು, ಹೆಂಗ ಕುಂತಾಳ."

ಹುಡುಗಿ ಕರಟ ನೋಡಿದಳು. ಕೈ ಚಾಚಲಿಲ್ಲ.

ಫಕೀರವ್ವ ದೊಡ್ಡವಳಾಗಿ ಮಗ್ಗದಲ್ಲಿ ಕೂತಳು. ಬದುಕಿರುವ ತನಕ ಒಂದು ಎಳೆಯೂ ಹರಿಯಲಿಲ್ಲ ಅಂತಾರೆ. ಹೊಗಳಿಯೇ ಹೇಳುತ್ತಾರೆ. ಅದನ್ನೂ ಬಾಳವ್ವನ ಮಹಿಮೆಗೇ ಸೇರಿಸುತ್ತಾರೆ.

ಆಮೇಲೆ ಬಾಳವ್ವ ಯಾವ ಮಗುವಿಗೂ ನಿವಾಳಿಸಲಿಲ್ಲ. ಮಗುವನ್ನು ತಂದರೆ ಅಂಗೈ ಬಿಚ್ಚಿ ತೋರಿಸಿ ಅದರ ಕೈಗೇ ಸುಣ್ಣ ಕೊಡುತ್ತಿದ್ದಳು. ನಾನು ಮಾಡುತ್ತಿದ್ದದ್ದು ಬರೀ ಇಷ್ಟೇ ಎಂದು ಹೇಳುತ್ತಿದ್ದಳು. ಜನ ಇನ್ನಷ್ಟು ಕೈಮುಗಿದರು.

ಕೆಂದೂಳಿಯಲ್ಲಿ ಈಗಲೂ ಮಗು ಕುಂತಲ್ಲಿ ಕೂರದಿದ್ದರೆ ಅದರ ಮುಂದೆ ಕರಟ ಇಡುತ್ತಾರೆ. ಮೂರು ಸಲ ಕೆಂಪು, ಮೂರು ಸಲ ಹಳದಿ, ಎಲ್ಲ ಮಗುವೇ ಮಾಡಬೇಕು. ಮಗು ನಡುವೆ ಓಡಿ ಬಂದರೂ ತಡೆಯುವಂತಿಲ್ಲ. ಆದರೆ ಶುರುವಿಗೆ ಮೊದಲು ಮನೆಯ ಹಿರಿಯರು ಎರಡೂ ಅಂಗೈ ಬಿಚ್ಚಿ ಮಗುವಿಗೆ ತೋರಿಸಬೇಕು. ಯಾಕೆ ಎಂದು ಕೇಳಿದರೆ, ಬಾಳವ್ವ ಹಾಗೆ ಮಾಡುತ್ತಿದ್ದಳು ಅಂತಾರೆ. ಒಂದು ಸಲ ಮಾಡಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ.