ಸಾಧಾರಣ ಬುದ್ಧಿಯ ಸಾಕ್ಷಿ

ಕೂಗನ್ನು ಕೇಳಿಯೇ ಕೂಗಿದವರು ಯಾರೆಂದು ಗುರುತಿಸುವ ವಿಧಾನ ತನ್ನದೆಂದು ಗಿಳಿಯೊಂದು ಪೇಟೆಂಟು ಕೇಳಿಕೊಂಡು ಆಮೆಯ ನ್ಯಾಯಾಲಯಕ್ಕೆ ಬಂತು. ಅದು ಸಿಕ್ಕರೆ ಉಳಿದವರೆಲ್ಲ ಗಿಳಿಯ ಅಪ್ಪಣೆ ಪಡೆದೇ ಕೂಗನ್ನು ಗುರುತಿಸಬೇಕಿತ್ತು. ಕೆಂಚಿ ಎಂಬ ಕುರಿ ತಕರಾರಿಗೆ ನಿಂತಳು. ಮೇದು ಬಂದಾಗಲೆಲ್ಲ, ರೊಪ್ಪದ ನೂರು ಮರಿಗಳ ನಡುವೆ ತನ್ನದನ್ನು ಅವಳು ಹುಡುಕುತ್ತಿದ್ದುದು ದನಿಯಿಂದಲೇ.

"ಇದರಲ್ಲಿ ಹೊಸದೇನಿದೆ ಸ್ವಾಮಿ? ಯಾರಿಗಾದರೂ ಹೊಳೆಯುವಂಥದ್ದೇ," ಎಂದಳು.

"ನಾನು ಹೇಳಿದ ಮೇಲೆ ಎಲ್ಲರಿಗೂ ಹೊಳೆಯುತ್ತದಮ್ಮ! ಮೊದಲೇ ಎಲ್ಲಾದರೂ ಬರೆದಿಟ್ಟಿದ್ದೀಯಾ?" ಎಂದು ಗಿಳಿ ಕುಟುಕಿತು.

ಆಮೆ ಕತ್ತು ಹೊರಚಾಚಿತು. "ಸಾಧಾರಣ ಬುದ್ಧಿಯವರಿಗೂ ತಾನಾಗಿ ಹೊಳೆಯುವಂಥದ್ದಕ್ಕೆ ಪೇಟೆಂಟು ಇಲ್ಲ. ಇಲ್ಲಿ ಸಾಧಾರಣ ಬುದ್ಧಿಯವರು ಯಾರಿದ್ದೀರಿ? ಮುಂದೆ ಬನ್ನಿ."

ನರಿ ಆಕಾಶ ನೋಡಿತು. ನವಿಲು ಗರಿ ಸರಿಪಡಿಸಿಕೊಂಡಿತು. ಕತ್ತೆ ಕೂಡ ಅಲುಗಾಡಲಿಲ್ಲ.

"ನಾನಿದ್ದೇನೆ," ಎಂದು ಕೆಂಚಿ ಮುಂದೆ ಬಂದಳು.

"ಸರಿ. ಕೂಗು ಕೇಳಿಸಿದರೆ ನಿನಗೇನು ಹೊಳೆಯುತ್ತದೆ? ಯೋಚಿಸಿ ಹೇಳು."

ಅಷ್ಟರಲ್ಲಿ ರೊಪ್ಪದ ಕಡೆಯಿಂದ ಹಸಿದ ಮರಿಗಳೆಲ್ಲ ಒಟ್ಟಿಗೇ ಅರಚಿದವು. ಕೆಂಚಿಯ ಕಿವಿ ನಿಮಿರಿತು. ಬೇಲಿ ಹಾರಿ ಓಡಿದವಳು ನೇರವಾಗಿ ತನ್ನ ಮರಿಯ ಬಳಿಯೇ ಹೋಗಿ ನಿಂತು ಹಾಲೂಡಿಸತೊಡಗಿದಳು.

ಆಮೆ ನಿಧಾನವಾಗಿ ಬರೆಯಿತು: "ಸಿಕ್ಕ ಒಬ್ಬಳೇ ಸಾಕ್ಷಿ ಉತ್ತರ ಕೊಡದೆ ಓಡಿಹೋದ ಕಾರಣ, ಈ ವಿಧಾನ ಸಾಧಾರಣ ಬುದ್ಧಿಗೆ ಹೊಳೆಯುವಂಥದ್ದಲ್ಲವೆಂದು ತೀರ್ಮಾನಿಸಲಾಗಿದೆ. ಪೇಟೆಂಟು ಗಿಳಿಗೆ."

ಅಂದು ಸಂಜೆ ತೀರ್ಪಿನ ಪ್ರತಿ ರೊಪ್ಪಕ್ಕೆ ತಲುಪಿತು. ಮರಿ ಅದನ್ನು ಕಡೆಯ ಸಾಲಿನವರೆಗೂ ತಿಂದು, ಅಮ್ಮನನ್ನು ಕೂಗಿತು. ಕೆಂಚಿ ಯಾರ ಅಪ್ಪಣೆಯನ್ನೂ ಕೇಳದೆ ಬಂದಳು.