ಪಾಳು ಪಗೋಡದ ಗಂಟೆ

ತಾಯಿ ತೀರಿಕೊಂಡಾಗ ಸುದಾಮ ಊರಲ್ಲಿರಲಿಲ್ಲ. ಆ ಸಂಕಟ ತಡೆಯಲಾರದೆ, ತಾಯಿಯ ಹೆಸರಿನಲ್ಲಿ ಪುಣ್ಯ ಗಳಿಸಲು ಗುರು ಪೂರ್ಣಬೋಧರ ಜೊತೆ ಯಾತ್ರೆ ಹೊರಟ.

ಗಯೆಯಲ್ಲಿ ಪಿಂಡ ಇಟ್ಟ. ಬೋಧಿವೃಕ್ಷಕ್ಕೆ ಪ್ರದಕ್ಷಿಣೆ ಹಾಕಿದ. ನೇಪಾಳದಲ್ಲಿ ಪಶುಪತಿನಾಥನಿಗೆ ಅಡ್ಡಬಿದ್ದ. ಗಳಿಸಿದ ಪುಣ್ಯವನ್ನೆಲ್ಲ ಅಮ್ಮನಿಗೆಂದೇ ಜೋಪಾನ ಮಾಡಿಕೊಂಡು ಬರ್ಮಾ ತಲುಪಿದ. ದಾರಿಯಲ್ಲಿ ಯಾರಾದರೂ ಆಶೀರ್ವಾದ ಕೇಳಿದರೂ, ಪುಣ್ಯ ಖರ್ಚಾದೀತೆಂದು ಕೊಡಲು ಹಿಂದೆಮುಂದೆ ನೋಡುತ್ತಿದ್ದ.

ಐರಾವತಿ ನದಿಯ ದಂಡೆಯಲ್ಲಿ ಒಂದು ಪಾಳು ಪಗೋಡ. ನಡುಮಧ್ಯಾಹ್ನ, ಒಂದು ನರಪಿಳ್ಳೆಯೂ ಇಲ್ಲ. ಅಂಗಳದಲ್ಲಿ ದೊಡ್ಡ ಕಂಚಿನ ಗಂಟೆ, ಅದನ್ನು ಬಾರಿಸಲು ಪಕ್ಕದಲ್ಲೊಂದು ಮರದ ಕೊರಡು.

ಗಂಟೆ ಕಂಡರೆ ನಮ್ಮವರ ಕೈ ಸುಮ್ಮನಿರುತ್ತದೆಯೇ? ಸುದಾಮ ಚಪ್ಪಲಿ ಬಿಟ್ಟವನೇ ಕೊರಡೆತ್ತಿ ಬಾರಿಸಿದ.

ನಾದ ಅಡಗಿತು. ಜೀರುಂಡೆಗಳ ಸದ್ದೂ ಅಡಗಿತು.

ಬೆನ್ನ ಹಿಂದೆ ಯಾರೋ ಬರಿಗಾಲಲ್ಲಿ ನಡೆದು ಬಂದಂತಾಯಿತು. ತಿರುಗಿ ನೋಡಿದ. ಯಾರೂ ಇಲ್ಲ. ಆದರೆ ಅಂಗಳದ ಧೂಳಿನಲ್ಲಿ ಹೆಜ್ಜೆಗಳು ಒಂದೊಂದಾಗಿ ಮೂಡುತ್ತಿದ್ದವು. ನಾಲ್ಕೂ ಕಡೆಯಿಂದ ಬಂದು ಅವನ ಸುತ್ತ ನಿಂತವು.

ಸುದಾಮ ಕೊರಡನ್ನು ಕೆಳಗಿಟ್ಟ. "ಗುರುಗಳೇ, ಯಾರಿವರು?"

"ನೀನು ಕರೆದವರು."

"ನಾನು ಯಾರನ್ನೂ ಕರೆಯಲಿಲ್ಲ. ಒಳಗೆ ಹೋಗುವಾಗ ಗಂಟೆ ಹೊಡೆಯುವುದು ರೂಢಿಯಲ್ಲವೇ?"

"ಅದು ನಮ್ಮ ಕಡೆ. ಇಲ್ಲಿ ಪೂಜೆ ಮುಗಿದ ಮೇಲೆ ಹೊಡೆಯುತ್ತಾರೆ. ನನ್ನ ಪುಣ್ಯದಲ್ಲಿ ಎಲ್ಲರಿಗೂ ಪಾಲಿದೆ, ಬಂದು ತೆಗೆದುಕೊಳ್ಳಿ ಅಂತ. ಸತ್ತವರಿಗೂ ಅದು ಕೇಳಿಸುತ್ತದೆ."

"ಗೊತ್ತಿಲ್ಲದೆ ಮಾಡಿದೆ. ಹೇಗಾದರೂ ಇವರನ್ನು ವಾಪಸ್ ಕಳಿಸಿ."

"ಊಟಕ್ಕೆ ಕರೆದು, ಎಲೆ ಮುಂದೆ ಕೂತವರನ್ನು ಎಬ್ಬಿಸಲೇನಪ್ಪ? ಕೊಡು."

ಸುದಾಮ ಎರಡು ಕೈಗಳನ್ನೂ ಎದೆಗೆ ಒತ್ತಿಕೊಂಡ. ಅಳು ಬಂತು.

"ಇದು ಅಮ್ಮನದು ಗುರುಗಳೇ. ಕೊನೆಗಾಲದಲ್ಲಿ ಅವಳ ಬಾಯಿಗೆ ನೀರು ಬಿಡಲೂ ನಾನಿರಲಿಲ್ಲ. ಇಷ್ಟನ್ನಾದರೂ ಅವಳಿಗೆ ಮುಟ್ಟಿಸಬೇಕು. ಗುರುತು ಪರಿಚಯ ಇಲ್ಲದವರಿಗೆ ಹೇಗೆ ಹಂಚಲಿ?"

ಧೂಳಿನಲ್ಲಿ ಒಂದು ಜೊತೆ ಹೆಜ್ಜೆ ಹಿಂದಕ್ಕೆ ಸರಿಯಿತು. ಇನ್ನೊಂದು ಸರಿಯಿತು. ಬಂದ ದಾರಿಯಲ್ಲೇ ಅವು ಸಾಲಾಗಿ ಮರಳತೊಡಗಿದವು.

ಸುದಾಮ ನಿಟ್ಟುಸಿರು ಬಿಟ್ಟ. "ಸದ್ಯ, ಹೊರಟರು."

ಪೂರ್ಣಬೋಧರು ಹೆಜ್ಜೆಗಳು ಹೋದ ಕಡೆಗೇ ನೋಡುತ್ತಿದ್ದರು.

"ಅವರಲ್ಲಿ ನಿಮ್ಮಮ್ಮ ಇರಲಿಲ್ಲ ಅಂತ ನಿನಗೆ ಯಾರು ಹೇಳಿದರು?"